ಕೆಂಪು ಪೆನ್ನಿಗೆ ತರಬೇತಿ

ಮುದುಕ ಅತಿಯಾಗಿ ನಟಿಸುತ್ತಿದ್ದಾನೆ ಎಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಪ್ರೂಫ್ ರೀಡರಿಗೆ ಮೂರನೆಯ ನಿಮಿಷಕ್ಕೇ ಅನ್ನಿಸಿತು.

"ಬೀಗದ ಕೈ ಕೊಡಿ, ಅಂಗಡಿ ತೆಗೀಬೇಕು," ಎಂದು ಮುದುಕ ಐದನೆಯ ಸಲ ಹೇಳಿದ. ಮೊದಲ ಸಲ ಹೇಳಿದಾಗ ಅವನ ಅಂಗಡಿಯಲ್ಲಿ ಇಬ್ಬರು ಕೆಲಸಗಾರರಿದ್ದರು. ಐದನೆಯ ಸಲಕ್ಕೆ ಮೂವರಾಗಿದ್ದರು. ಪಾತ್ರವನ್ನು ನೆಟ್ಟಗೆ ಬಾಯಿಪಾಠ ಮಾಡದೆ ಬಂದಿದ್ದಾನೆ ಎಂದು ಪ್ರೂಫ್ ರೀಡರ್ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡ.

ತಪ್ಪು ಹುಡುಕುವುದು ಅವನ ಹೊಟ್ಟೆಪಾಡು. ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಜೊತೆಯವರು ಇಟ್ಟ ಹೆಸರು ಕೆಂಪು ಪೆನ್ನು. ಮದುವೆಯ ಕರೆಯೋಲೆ ಕೈಗೆ ಕೊಟ್ಟರೆ, ಬರುತ್ತೇನೆ ಎನ್ನುವ ಮೊದಲು ಅದರಲ್ಲಿ ಎರಡು ತಪ್ಪು ತೋರಿಸುವ ಆಸಾಮಿ.

ಮನೆಯಲ್ಲೂ ಪೆನ್ನು ಕೆಳಗಿಟ್ಟವನಲ್ಲ. ಎಡವಟ್ಟಾಗಿದ್ದು ಅಲ್ಲೇ. ಮರೆವಿನ ಕಾಯಿಲೆಯ ಅಮ್ಮ ಅವನನ್ನು ತನ್ನ ಅಣ್ಣ ಎಂದುಕೊಂಡಿದ್ದಳು. ಅವನು ತಿದ್ದಿದ. ಅವಳು ಒಪ್ಪಲಿಲ್ಲ. ಮತ್ತೆ ತಿದ್ದಿದ. ಕೊನೆಗೆ ತನ್ನ ಜನನ ಪ್ರಮಾಣಪತ್ರವನ್ನೇ ತಂದು ಅವಳ ಮುಂದೆ ಹಿಡಿದ. ಅಮ್ಮ ಅದನ್ನು ಪೂರ್ತಿ ಓದಿ, "ಪಾಪ, ಈ ಮಗು ಈಗ ಎಲ್ಲಿದೆ? ಅದರ ತಾಯಿ ಬಿಟ್ಟುಹೋದ್ಲಾ?" ಎಂದು ಕೇಳಿ, ಸಂಜೆಯವರೆಗೆ ಅತ್ತಳು.

ಅಕ್ಕ ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದಳು: "ಇನ್ನೊಂದು ಸಲ ಅಮ್ಮನ್ನ ಅಳಿಸಿದ್ರೆ ನಾನು ಕರ್ಕೊಂಡು ಹೋಗ್ತೀನಿ. ಭಾನುವಾರ ಬರ್ತೀನಿ. ಅಷ್ಟರಲ್ಲಿ ಏನು ಕಲೀತೀಯೋ ಕಲಿ."

ಅಮ್ಮನಿಲ್ಲದ ಮನೆ ಅವನಿಗೆ ಬೇಡವಾಗಿತ್ತು. ಅದಕ್ಕೇ ಶನಿವಾರ ಬೆಳಿಗ್ಗೆ ಈ ಪ್ಲಾಸ್ಟಿಕ್ ಕುರ್ಚಿ, ಮರೆವಿನವರನ್ನು ನೋಡಿಕೊಳ್ಳುವ ಮನೆಮಂದಿಗಾಗಿ ಅರ್ಧ ದಿನದ ಈ ತರಬೇತಿ. ರೋಗಿಯ ಪಾತ್ರದಲ್ಲಿ ನಟರೊಬ್ಬರು ಇರುತ್ತಾರೆ, ಅವರ ಜೊತೆ ಅಭ್ಯಾಸ ಮಾಡಬಹುದು ಎಂದು ಕರಪತ್ರದಲ್ಲಿ ಅಚ್ಚಾಗಿತ್ತು. ಪಾಠ ಹೇಳುವ ಮೇಡಂ ಅರ್ಧ ಗಂಟೆ ತಡವಾಗಿ, ಏದುಸಿರು ಬಿಡುತ್ತಾ, ಮುದುಕನ ತೋಳು ಹಿಡಿದುಕೊಂಡು ಬಂದಿದ್ದರು.

"ಇವತ್ತು ಅಭ್ಯಾಸ ಇವರ ಜೊತೆ," ಎಂದಿದ್ದರು. "ಇವರದ್ದು ಕನ್ನಡಕದ ಅಂಗಡಿ ಇತ್ತು. ಮುಚ್ಚಿ ತುಂಬಾ ವರ್ಷ ಆಯ್ತು. ಆದ್ರೂ ಬೀಗದ ಕೈ ಕೇಳ್ತಾನೇ ಇರ್ತಾರೆ. ಸಮಾಧಾನ ಮಾಡಿ ನೋಡೋಣ."

ಮೊದಲು ಎದ್ದವನು ಬಸ್ ಡ್ರೈವರ್. "ನಾಳೆ ಕೊಡ್ತೀನಿ ತಾತ," ಎಂದು ಚೆನ್ನಾಗಿ ಬೈಸಿಕೊಂಡು ಬಂದು ಕೂತ. ಮುಂದಿನ ಸರದಿ ಕೆಂಪು ಪೆನ್ನಿನದು.

"ಸರ್, ನಿಮ್ಮ ಅಂಗಡಿ ಮುಚ್ಚಿಹೋಗಿದೆ. ಇದು ತರಬೇತಿ. ಇನ್ನು ಕೆಲಸಗಾರರು ಇಬ್ಬರೋ ಮೂವರೋ, ಮೊದಲು ಒಂದು ತೀರ್ಮಾನಕ್ಕೆ ಬನ್ನಿ."

ಮುದುಕನ ಗದ್ದ ಅದುರಿತು. "ಮುಚ್ಚಿದ್ರಾ? ನನ್ನನ್ನ ಒಂದು ಮಾತು ಕೇಳ್ದೆ ಯಾರು ಮುಚ್ಚಿದ್ರು?" ಕಣ್ಣಲ್ಲಿ ನೀರು ತುಂಬಿತು. ಗ್ಲಿಸರಿನ್ ಎಲ್ಲಿ ಬಚ್ಚಿಟ್ಟುಕೊಂಡಿದ್ದಾನೆ ಎಂದು ಕೆಂಪು ಪೆನ್ನು ಬಗ್ಗಿ ನೋಡಿದ. ಕಾಣಲಿಲ್ಲ.

ಮೇಡಂ ಓಡಿಬಂದು ಮುದುಕನ ಬೆನ್ನು ಸವರಿದರು. ಅವರ ಮುಖವೂ ಸಪ್ಪಗಾಗಿತ್ತು. ಇವರೂ ನಟನೆಯಲ್ಲಿ ಕಡಿಮೆಯವರಲ್ಲ ಎಂದುಕೊಂಡ.

"ನೀವು ಹೇಳಿದ್ರಲ್ಲಿ ಒಂದೂ ತಪ್ಪಿಲ್ಲ," ಎಂದರು ಮೇಡಂ. "ಆದ್ರೆ ಅದ್ರಿಂದ ಅವರಿಗೆ ಏನು ಸಿಕ್ತು? ಬೀಗದ ಕೈ ಯಾಕೆ ಕೇಳ್ತಿದ್ದಾರೆ ಅಂತ ಯೋಚ್ನೆ ಮಾಡಿ. ಟೀ ಕುಡಿದು ಇನ್ನೊಂದು ಸಲ ಬನ್ನಿ."

ಟೀ ಹೊತ್ತಿನಲ್ಲೂ ಮುದುಕ ಪಾತ್ರ ಬಿಡಲಿಲ್ಲ. ಬಿಸ್ಕತ್ತನ್ನು ಜೇಬಿಗೆ ಸೇರಿಸಿದ. ಕೆಂಪು ಪೆನ್ನಿನ ಜೇಬಿನಿಂದ ಪೆನ್ನು ಎಳೆದುಕೊಂಡು ಟೀ ಕಲಕಿದ.

"ಸ್ವಲ್ಪ ಹೊತ್ತು ಆರಾಮಾಗಿರಿ ಸರ್, ಈಗ ಯಾರೂ ನೋಡ್ತಿಲ್ಲ," ಎಂದು ಇವನು ಪಿಸುಗುಟ್ಟಿದ.

"ಎಲ್ಲಿಯ ಆರಾಮು ಕಣಯ್ಯ? ಗಿರಾಕಿಗಳು ಕಾಯ್ತಾ ಇದಾರೆ."

ಅಬ್ಬಾ, ಎಂಥ ನಿಷ್ಠೆ ಎಂದು ಕೆಂಪು ಪೆನ್ನು ತಲೆದೂಗಿದ. ಆಮೇಲೆ ಆ ಮಾತನ್ನೇ ಮೆಲುಕು ಹಾಕಿದ. ಗಿರಾಕಿಗಳು ಕಾಯುತ್ತಿದ್ದಾರೆ. ಇಲ್ಲಿ ಒಬ್ಬ ಗಿರಾಕಿಯೂ ಇಲ್ಲ ಎಂಬ ತಿದ್ದುಪಡಿ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ನುಂಗುವುದು ಕಷ್ಟವೇ ಆಯಿತು. ತನ್ನ ಕನ್ನಡಕ ತೆಗೆದು ಮುಂದೆ ಹಿಡಿದ.

"ಅಂಗಡಿ ತೆಗೆಯೋವರೆಗೆ ನಂಗೆ ಕಾಯೋಕಾಗಲ್ಲ ಸ್ವಾಮಿ. ಇದು ಮೂಗಿಂದ ಜಾರ್ತಾನೇ ಇರುತ್ತೆ. ಇಲ್ಲೇ ಒಂಚೂರು ನೋಡ್ತೀರಾ?"

ಮುದುಕ ಕನ್ನಡಕವನ್ನು ಬೆಳಕಿಗೆ ಹಿಡಿದ. ಅದರ ಕಡ್ಡಿಯ ತುದಿಯನ್ನು ಬಿಸಿ ಟೀ ಲೋಟಕ್ಕೆ ಒತ್ತಿ ಹಿಡಿದು, ಹೆಬ್ಬೆರಳಿನಿಂದ ಹದವಾಗಿ ಬಗ್ಗಿಸಿದ. ಇವನ ಮೂಗಿಗೇರಿಸಿ, ಎರಡೂ ಕಿವಿಗಳ ಹಿಂದೆ ಬೆರಳಾಡಿಸಿದ.

"ನಿಮ್ಮ ಎಡಗಿವಿ ಬಲಗಿವಿಗಿಂತ ಕೆಳಗಿದೆ. ಇಷ್ಟು ದಿನ ಯಾರೂ ಹೇಳ್ಲಿಲ್ವಾ?"

ತಲೆ ಕೊಡವಿದರೂ ಕನ್ನಡಕ ಅಲ್ಲಾಡಲಿಲ್ಲ. ಒಂದು ಪಾತ್ರಕ್ಕೆ ಎಷ್ಟೊಂದು ತಯಾರಿ ಮಾಡಿಕೊಂಡಿದ್ದಾನಪ್ಪ ಎಂದು ಅವನಿಗೆ ಬೆರಗಾಯಿತು. ಹಿಂದಿನಿಂದ ಬಸ್ ಡ್ರೈವರ್ ತನ್ನ ಕನ್ನಡಕ ಚಾಚಿದ. ಅವನ ಹಿಂದೆ ಇನ್ನಿಬ್ಬರು ನಿಂತರು. ಮುದುಕ ಹುರುಪಿನಿಂದ ಎಲ್ಲರನ್ನೂ ಗದರಿಸುತ್ತಾ ಒಬ್ಬೊಬ್ಬರದೇ ಸರಿಮಾಡಿದ. ಬೀಗದ ಕೈಯ ಸುದ್ದಿ ಆಮೇಲೆ ಬರಲೇ ಇಲ್ಲ.

ತರಬೇತಿ ಮುಗಿದು ಉಳಿದವರೆಲ್ಲ ಹೊರಟರೂ ಕೆಂಪು ಪೆನ್ನು ಅಲ್ಲೇ ನಿಂತಿದ್ದ. ಅವನ ಮುಖ ಬಾಡಿತ್ತು.

"ನಾಳೆ ನಮ್ಮಕ್ಕ ಬರ್ತಾಳೆ ಮೇಡಂ, ನಾನು ಮತ್ತೆ ಅಳಿಸಿದ್ರೆ ಅಮ್ಮನ್ನ ಕರ್ಕೊಂಡು ಹೋಗ್ತಾಳೆ. ಇಲ್ಲೇನೋ ಗೆದ್ದೆ. ಇವರು ನಟರು, ನಾನು ಏನು ಮಾಡಿದ್ರೂ ಸಮಾಧಾನ ಆಗ್ತಾರೆ. ನಿಜವಾದವರ ಮುಂದೆ ನನ್ನ ಕೈಲಿ ಆಗುತ್ತೆ ಅಂತ ಏನು ಗ್ಯಾರಂಟಿ?"

ಮುದುಕ ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದ. ಮೇಡಂ ಅವನ್ನು ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕುತ್ತಿದ್ದರು.

"ನಟರಿಗೆ ಬೆಳಿಗ್ಗೆಯಿಂದ ಜ್ವರ, ಬರಲೇ ಇಲ್ಲ," ಎಂದರು. "ಇವರು ನಮ್ಮಪ್ಪ."