ಕೃತಜ್ಞತೆಯ ಪುಟ

ಕಂಡದ್ದೆಲ್ಲ ಎಂಟು ದಿನ ಕಣ್ಣಲ್ಲೇ ಉಳಿಯುತ್ತಿದ್ದ ಕಾಲ ಅದು. ಹೆಣ್ಣು ನೋಡಲು ಬಂದ ಗಂಡಿನ ಕಣ್ಣಿಗೂ ದೀಪ ಹಿಡಿದು, ವಾರವೆಲ್ಲ ಅವನು ಏನೇನು ನೋಡಿದ್ದಾನೆಂದು ಗೋಡೆಯ ಮೇಲೆ ಮೂಡಿಸಿಕೊಳ್ಳುತ್ತಿದ್ದರು. ಎಂಟು ದಿನ ಕಳೆದರೆ ಎಲ್ಲರೂ ಸಾಚಾ.

ದೃಷ್ಟಿ ವಿಜ್ಞಾನ ವಿಭಾಗದ ಜಲಜಾಕ್ಷಿ ಆರು ವರ್ಷ ಒದ್ದಾಡಿ ಪಿಎಚ್.ಡಿ. ಪ್ರಬಂಧ ಬರೆದಿದ್ದಳು. ಅವಳ ಗೈಡು ಗುಂಡೂರಾಯರು ಪ್ರತಿ ಸಲವೂ, "ಅಕ್ಷರ ಅಕ್ಷರ ನೋಡಿದ್ದೀನಮ್ಮಾ, ಇನ್ನೊಂದ್ಸಲ ತಿದ್ದು" ಎಂದು ವಾಪಸು ಕೊಡುತ್ತಿದ್ದರು.

ಮೌಖಿಕ ಪರೀಕ್ಷೆಯ ದಿನ, ಹೊರಗಿನಿಂದ ಬಂದ ಪರೀಕ್ಷಕರು, "ನೀವು ಮಾಡಿದ ದೀಪವನ್ನು ಯಾರ ಮೇಲಾದರೂ ತೋರಿಸಿ" ಎಂದರು. ಗುಂಡೂರಾಯರು ಶಾಲು ಸರಿಮಾಡಿಕೊಂಡು ತಾವೇ ಬಂದು ಕೂತರು. ಪ್ರಬಂಧ ಮುಟ್ಟಿ ತಿಂಗಳಾಗಿತ್ತು, ಹೆದರಿಕೆ ಯಾತರದು?

"ಬೇಡ ಸರ್," ಎಂದಳು ಜಲಜಾಕ್ಷಿ. "ಮೊದಲನೇ ಅಧ್ಯಾಯದಲ್ಲೇ ಬರೆದಿದ್ದೀನಲ್ಲ..."

"ಓದಿದ್ದೀನಮ್ಮಾ. ಹಚ್ಚು."

ಹಚ್ಚಿದಳು. ಎಂಟು ದಿನದ್ದಷ್ಟೇ ಅಲ್ಲ, ಎಂಟು ವರ್ಷದ ಹಿಂದಿನ ನೋಟವನ್ನೂ ಎಬ್ಬಿಸುವ ದೀಪ ಅದು. ಪ್ರಬಂಧವಿದ್ದದ್ದೇ ಅದರ ಮೇಲೆ. ಮುನ್ನೂರು ಪುಟಗಳಲ್ಲಿ ಗೋಡೆಯ ಮೇಲೆ ಮೂಡಿದ್ದು ಒಂದೇ ಪುಟ: ಗುಂಡೂರಾಯರ ಹೆಸರಿದ್ದ ಕೃತಜ್ಞತೆಯ ಪುಟ. ಹನ್ನೊಂದು ಸಲ ಓದಿದ್ದರು. ತಮ್ಮ ಹೆಸರಿಗೆ ಮುಂಚೆ 'ಪೂಜ್ಯ' ಎಂದು ಪೆನ್ನಿನಲ್ಲಿ ಸೇರಿಸಿದ್ದೂ ಕಂಡಿತು.

ಜಲಜಾಕ್ಷಿ ದೀಪ ಹಿಡಿದುಕೊಂಡೇ ಪರೀಕ್ಷಕರ ಕಡೆ ತಿರುಗಿದಳು. "ಈಗ ನಿಮ್ಮದು ನೋಡೋಣವಾ ಸರ್?"

ಪರೀಕ್ಷಕರು ಗಬಕ್ಕನೆ ಕಪ್ಪು ಕನ್ನಡಕ ಏರಿಸಿಕೊಂಡರು.

"ಸಾಕು ಸಾಕು. ಅಭಿನಂದನೆಗಳು, ಡಾಕ್ಟರ್ ಜಲಜಾಕ್ಷಿಯವರೇ."