ಕಿತ್ತಳೆ ಬಣ್ಣದ ಬುರುಡೆ

ಕೆರೆಯ ನಟ್ಟನಡುವೆ ಅವನ ಮೀನಖಂಡ ಹಿಡಿದುಕೊಂಡಿತು. ಓಟದಲ್ಲಾಗಿದ್ದರೆ ನಿಂತು ತಿಕ್ಕಿಕೊಳ್ಳುತ್ತಿದ್ದ. ಇಲ್ಲಿ ನಿಲ್ಲಲು ಕಾಲು ಇಳಿಬಿಟ್ಟರೆ ನೆಲವೇ ಸಿಗಲಿಲ್ಲ.

ಹತ್ತು ವರ್ಷ ಓಡಿ, ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್ ಹುಚ್ಚು ಹತ್ತಿ ಈಜು ಕಲಿತವನಿಗೆ ನೀರಿನ ನಂಟು ಎರಡೇ ತಿಂಗಳದು. “ದಣಿವಾದ್ರೆ ಇದನ್ನ ತಬ್ಕೊಂಡು ಸುಧಾರಿಸ್ಕೋ. ಇದು ಕಾಣ್ತಾ ಇದ್ರೆ ನನಗೆ ಧೈರ್ಯ,” ಎಂದು ಅಕ್ಕ ದಡದಲ್ಲಿ ಅವನ ಸೊಂಟಕ್ಕೆ ಕಿತ್ತಳೆ ಬಣ್ಣದ ತೇಲುಬುರುಡೆ ಕಟ್ಟಿದ್ದಳು. ಗುಲಗಂಜಿ ತೂಕವನ್ನೂ ಹೊರಲೊಲ್ಲದ ಓಟಗಾರನ ಬುದ್ಧಿ ಎಲ್ಲಿ ಹೋದೀತು? ಮೊದಲ ಸುತ್ತಿಗೇ ಅದನ್ನು ಬಿಚ್ಚಿ, ನೀರಿನಲ್ಲಿದ್ದ ಗುರುತುಕಂಬಕ್ಕೆ ಸಿಕ್ಕಿಸಿ ಬಂದಿದ್ದ.

“ಅಕ್ಕಾ!” ಎಂದರೆ ಬಾಯಿಗೆ ನೀರೇ ನುಗ್ಗಿತು. ದೂರದ ದಡದಲ್ಲಿ ಅಕ್ಕ, ಕಂಬದ ಬಳಿ ತೇಲುತ್ತಿದ್ದ ಬುರುಡೆಯನ್ನೇ ಕಣ್ತುಂಬ ನೋಡಿಕೊಂಡು, ನಿಶ್ಚಿಂತೆಯಿಂದ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು.