ಕ್ಲಿಪ್ ಶೂ ಹಾಕದಿದ್ದರೆ ಮನೆ ದಾರಿ

ಬೆಳಿಗ್ಗೆ ಬೆಳಿಗ್ಗೆ ಸಿಟ್ಟು ತರಿಸುವ ಕಥೆ ಕಳಿಸುತ್ತಿದ್ದೇನೆ, ಬೇಜಾರಾಗಬೇಡಿ... ಕೆಲವು ಸಿಟ್ಟು ಮೈಗೆ ಒಳ್ಳೆಯದು.

ಗದಗ ಕಡೆಯ ಒಂದು ಕಲ್ಲುಗುಡ್ಡ. ಮೌಂಟೇನ್ ಬೈಕ್ ರಾಜ್ಯ ತಂಡಕ್ಕೆ ಹುಡುಗಿಯರ ಟ್ರಯಲ್. ಉಳಿದಿರುವುದು ಒಂದೇ ಜಾಗ...

ಅದರ ಮೇಲೆ ಕಣ್ಣಿಟ್ಟು ಎರಡು ವರ್ಷದಿಂದ ಆ ಗುಡ್ಡ ಹತ್ತಿ ಇಳಿದವಳು ಹದಿನೇಳರ ಕಸ್ತೂರಿ.

ಅವಳ ಸೈಕಲ್ಲಿಗೆ ಇದ್ದದ್ದು ಫ್ಲಾಟ್ ಪೆಡಲ್. ಚಪ್ಪಟೆ, ಅಗಲ... ಬೇಕೆಂದಾಗ ಕಾಲು ತೆಗೆದು ನೆಲಕ್ಕೆ ಊರಬಹುದು.

ಉಳಿದವರದು ಕ್ಲಿಪ್ ಪೆಡಲ್. ಶೂ ಅದಕ್ಕೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಏರಿನಲ್ಲಿ ಒಳ್ಳೆಯ ಬಲ. ಆದರೆ ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು... ರೂಢಿಯಾಗುವ ತನಕ ಬೀಳುವುದೇ.

ಕೋಚ್ ಹಲಗತ್ತಿ ಸರ್ ಅವಳ ಪೆಡಲ್ ನೋಡಿ ಎಲ್ಲರ ಮುಂದೆ ಕೇಳಿದರು, "ಏನವಾ, ಹಾಲು ಹಾಕಾಕ ಹೊಂಟೀ ಏನು?"

ಹುಡುಗಿಯರು ಕಿಸಕ್ಕೆಂದರು.

"ಹಾಲು ಹಾಕಾವ್ರು ಬೀಳೂದಿಲ್ರಿ ಸರ," ಎಂದಳು ಕಸ್ತೂರಿ. "ಬಿದ್ರ ಹಾಲು ಚೆಲ್ಲತೈತಲ್ರಿ. ನಾ ಆ ಶೂದಾಗ ಮೂರು ಸಲ ಬಿದ್ದೀನಿ."

ಸರ್ ಮುಖ ಕೆಂಪಾಯಿತು. "ಕ್ಲಿಪ್ ಶೂ ಹಾಕ್ಕೊಂಡ್ರ ಟ್ರಯಲ್. ಇಲ್ಲಾಂದ್ರ ಮನಿ ದಾರಿ. ಅಂಜುಬುರುಕರು ನನ್ನ ತಂಡಕ್ಕ ಬ್ಯಾಡ."

ನೋಡಿ, ಹಲಗತ್ತಿ ಸರ್ ಸಾಮಾನ್ಯರಲ್ಲ. ಹರೆಯದಲ್ಲಿ ಡಾಂಬರು ರಸ್ತೆಯ ರೇಸಿನಲ್ಲಿ ಮೆಡಲ್ ಮೇಲೆ ಮೆಡಲ್ ಗೆದ್ದವರು. ಆ ಶೂ ಅವರಿಗೆ ಅನ್ನ ಕೊಟ್ಟಿತ್ತು.

ನಾವೂ ಹಾಗೇ. ರಸ್ತೆಯಲ್ಲಿ ಗೆದ್ದವರನ್ನೇ ಗುಡ್ಡಕ್ಕೂ ಕೋಚ್ ಮಾಡುತ್ತೇವೆ... ಅವರು ರಸ್ತೆಯ ರೂಲನ್ನೇ ಗುಡ್ಡಕ್ಕೂ ಹೊತ್ತು ತರುತ್ತಾರೆ. ಯಾರೂ ಏನೂ ಕೇಳುವುದಿಲ್ಲ.

ಅವತ್ತು ಕಸ್ತೂರಿ ಕೇಳಿದಳು.

"ಸರ, ಈ ಇಳುಕಲು ನೀವು ಒಮ್ಮೆರೆ ಇಳದೀರೇನ್ರಿ?"

ಅವಳು ಕಲ್ಲುಗಳ ಕಡೆಗೆ ಬೆರಳು ತೋರಿಸಿದಳು.

"ನೀವು ಹೇಳಿದ ಪೆಡಲ್ ಮ್ಯಾಲ ಇಳದ ತೋರಸ್ರಿ. ಬೀಳದ ಇಳದ್ರ ನಾನು ಈಗ ಶೂ ಹಾಕ್ಕೊತೀನಿ."

ಅಷ್ಟು ಮಂದಿಯ ಎದುರು ಹಿಂದೆ ಸರಿಯುವುದು ಹೇಗೆ? ಸರ್ ಕ್ಲಿಪ್ ಶೂ ಕಟ್ಟಿಕೊಂಡರು, ಕ್ಲಿಪ್ ಪೆಡಲಿನ ಸೈಕಲ್ ಏರಿದರು...

ಮೊದಲ ತಿರುವು ದಾಟಿತು. ಎರಡನೆಯದರಲ್ಲಿ ಮುಂದಿನ ಗಾಲಿ ಕಲ್ಲಿಗೆ ಸಿಕ್ಕಿ ಸೈಕಲ್ ನಿಂತೇಬಿಟ್ಟಿತು. ರಸ್ತೆಯಲ್ಲಾದರೆ ಶೂ ಬಿಡಿಸಿಕೊಳ್ಳಲು ಪುರುಸೊತ್ತು ಇರುತ್ತದೆ. ಗುಡ್ಡದಲ್ಲಿ ಇರುವುದಿಲ್ಲ. ಕಾಲು ಊರಬೇಕು... ಕಾಲು ಬರಲಿಲ್ಲ.

ನಿಂತ ಜಾಗದಲ್ಲೇ, ಸೈಕಲ್ ಸಮೇತ, ಮೂಟೆಯಂತೆ ವಾಲಿ ಕಲ್ಲಿನ ಮೇಲೆ ಬಿದ್ದರು.

ಯಾರೂ ನಗಲಿಲ್ಲ. ಕಸ್ತೂರಿ ಓಡಿಹೋಗಿ ಅವರ ಹಿಮ್ಮಡಿ ಹಿಡಿದು ತಿರುಗಿಸಿ ಕಾಲು ಬಿಡಿಸಿದಳು.

ಸರ್ ಮೊಣಕೈಯ ರಕ್ತ ಒರೆಸಿಕೊಂಡರು. ಆಮೇಲೆ ಕಣ್ಣು ತುಂಬಿಕೊಂಡು ಹೇಳಿದರು...

"ಹೋದ ವರ್ಷ ರೇಷ್ಮಾ ಅಂತ ಒಬ್ಬಾಕಿ ಇದ್ಲು. ಆಕೀನೂ ಈ ಶೂ ಒಲ್ಲೆ ಅಂದ್ಲು. ಅಂಜುಬುರುಕಿ ಅಂತ ಮನಿಗೆ ಕಳ್ಸಿಬಿಟ್ಟೆ... ನಿನಗ ಸಾರಿ ಅಂತೀನವಾ. ನಿನ್ನ ಪೆಡಲ್ ಮ್ಯಾಲೇ ಓಡ್ಸು."

ಬೇರೆ ಯಾರಾದರೂ ಖುಷಿಯಿಂದ ಹೋಗಿ ಟ್ರಯಲ್ ಶುರುವಾಗುವ ಗೆರೆಯ ಮೇಲೆ ನಿಲ್ಲುತ್ತಿದ್ದರು. ಕಸ್ತೂರಿಯ ಸಿಟ್ಟು ಇಳಿಯಲಿಲ್ಲ, ಏರಿತು. ಒಂದು ಹುಡುಗಿಯ ಒಂದು ವರ್ಷ... ಅದನ್ನು ತಿರುಗಿ ಕೊಡುವವರು ಯಾರು?

"ನನಗ ಸಾರಿ ಬ್ಯಾಡ್ರಿ ಸರ. ಆಕಿಗೆ ಫೋನ್ ಹಚ್ರಿ."

"ಹುಚ್ಚಿ, ಇರೂದು ಒಂದ ಜಾಗ. ಆಕಿ ನಿನಗಿಂತ ಜೋರು ಇದ್ಲು."

"ಗೊತ್ತೈತ್ರಿ. ಹಚ್ರಿ."

ಟ್ರಯಲ್ ಒಂದು ವಾರ ಮುಂದಕ್ಕೆ ಹೋಯಿತು. ರೇಷ್ಮಾ ಬಂದಳು... ಅವಳ ಕಾಲಲ್ಲಿ ಇದ್ದದ್ದು ಕ್ಲಿಪ್ ಶೂ.

ಸರ್ ಬೆರಗಾದರು. "ಇದು ಬ್ಯಾಡ ಅಂತಿದ್ದೆಲ್ಲವಾ ನೀನು?"

"ಬ್ಯಾಡ ಅಂದಿದ್ದಿಲ್ರಿ ಸರ. ಕಲಿಯಾಕ ಎರಡು ತಿಂಗಳು ಕೊಡ್ರಿ ಅನ್ನಾಕ ಬಂದಿದ್ದೆ. ನೀವು ಪೂರ್ತಿ ಕೇಳ್ಲೇ ಇಲ್ಲ. ಆಮ್ಯಾಲ ನಮ್ಮೂರ ಮೈದಾನದಾಗ ಒಬ್ಬಾಕೀನ ಬಿದ್ದು ಎದ್ದು ಕಲ್ತೆ."

ಸರ್ ತಾವೇ ಅವಳ ಸೈಕಲ್ ತಳ್ಳಿಕೊಂಡು ಗೆರೆಯ ತನಕ ಹೋದರು.

ಅಂದು ಇಬ್ಬರೂ ತಮ್ಮ ತಮ್ಮ ಪೆಡಲ್ ಮೇಲೆ ಗುಡ್ಡ ಹತ್ತಿ ಇಳಿದರು, ಉಳಿದವರೆಲ್ಲ ಹಿಂದುಳಿದರು. ಇಳುಕಲಿನಲ್ಲಿ ಕಸ್ತೂರಿ ಮುಂದೆ, ಏರಿನಲ್ಲಿ ರೇಷ್ಮಾ ಮುಂದೆ... ಕೊನೆಗೆ ನಾಲ್ಕೇ ಸೆಕೆಂಡಿನ ಅಂತರದಲ್ಲಿ ಜಾಗ ರೇಷ್ಮಾಳ ಪಾಲಾಯಿತು.

ಸರ್ ಬಂದು ಕಸ್ತೂರಿಯ ಪಕ್ಕ ಕುಳಿತರು. "ಸಿಟ್ಟು ಬಂದೈತೇನವಾ?"

ಅವಳು ಅಳುತ್ತಲೇ ಹೇಳಿದಳು. "ಸಂಕಟ ಐತ್ರಿ. ಸಿಟ್ಟಿಲ್ರಿ. ಇವತ್ತ ನನ್ನ ಸೋಲಿಸಿದ್ದು ಆಕಿ ಕಾಲು... ನಿಮ್ಮ ರೂಲ್ ಅಲ್ಲ."

*

ಯಾವ ಪೆಡಲ್ ಒಳ್ಳೆಯದು ಎಂದು ತೀರ್ಪು ಕೊಡುವ ಮೊದಲು, ತುಳಿಯುವವರ ಮಾತನ್ನು ಪೂರ್ತಿ ಕೇಳಿ.

ಅರ್ಧ ಮಾತು ಕೇಳಿ 'ಅಂಜುಬುರುಕ' ಎಂದು ನೀವು ಕಳಿಸಿಬಿಟ್ಟವರು ಯಾರಾದರೂ ಇದ್ದಾರೆಯೇ... ಅವರ ನಂಬರ್ ಇನ್ನೂ ನಿಮ್ಮ ಫೋನಿನಲ್ಲಿದೆಯೇ?